ಮಂಡಿ ಒಂದೇ ಅಲ್ಲ

ನಂಗವಳ್ಳಿ, 1997

ಅವ್ವಾ,

ನೀನು ಮಣ್ಣಾಗಿ ಒಂಬತ್ತು ವರ್ಷವಾಯಿತು. ಬೇರೆ ಯಾರಿಗೂ ಹೇಳಲಾರದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಇವತ್ತು ಮೆಟ್ಟೂರಿನಲ್ಲಿ ಡಾಕ್ಟರಮ್ಮನಿಗೆ ತೋರಿಸಿದೆ. ನಿನ್ನ ಹಾಗೇ ನನಗೂ ಮಂಡಿ ಊದಿದೆ. ನಿನ್ನ ಹಾಗೇ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತೇನೆ. ಮೈಯ ಊತಕ್ಕೂ ಮನಸ್ಸಿನ ಕುಸಿತಕ್ಕೂ ನಂಟಿರಬಹುದು, ತಾಯಿ ಪಟ್ಟ ಪಾಡು ಮಗುವಿನ ಮೈಯಲ್ಲಿ ಗುರುತು ಬಿಡಲೂಬಹುದು, ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ ಎಂದರು ಆಕೆ. ಆಮೇಲೆ ಕೇಳಿದರು: "ವೇರೆ ಎನ್ನಮ್ಮಾ?"

ಬೇರೆ ಏನು? ನನಗೆ ಆ ದಿನ ನೆನಪಾಯಿತು. ತಮಿಳು ಬಾರದ ನೀನು ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಮಂಡಿ ಒಂದೇ ಅಲ್ಲ ಕಣಮ್ಮಿ, ಮನ್ಸೂ ಊದ್ಕಂಡೈತೆ ಅಂತ ಏಳು" ಅಂದಿದ್ದೆ. ಡಾಕ್ಟರು ನಕ್ಕಾರೆಂದು ನಾನು ತಮಿಳಿನಲ್ಲಿ ಮಂಡಿಯನ್ನಷ್ಟೇ ಹೇಳಿದೆ.

"ಎಲ್ಲಾ ಏಳಿದ್ಯಾ?"

"ಏಳಿದೀನಿ, ಸುಮ್ಕಿರು."

ಕೂಲಿಕಾರರ ಸಂಘದ ವೇದಿಕೆ ಹತ್ತಿ, ತಮಿಳು ಮುಖಂಡರ ಗಂಟೆಗಟ್ಟಲೆಯ ಭಾಷಣವನ್ನು ಒಂದಕ್ಷರ ಬಿಡದೆ ತಮಿಳು ತಿಳಿಯದ ನಮ್ಮವರಿಗೆ ಕನ್ನಡದಲ್ಲಿ ಹೇಳುತ್ತಿದ್ದವಳು ನಾನು. ಬಾಯಿಲ್ಲದವರ ಬಾಯಿ ನಾವು ಎಂದು ಊರೂರಲ್ಲಿ ಕೂಗಿದೆ. ಹೆತ್ತವಳ ಒಂದು ಮಾತನ್ನು ನುಂಗಿದೆ. ಮಂಡಿಯ ಮಾತ್ರೆ ನುಂಗಿ ನೀನು ಮತ್ತೆ ಮಲಗಿದಾಗ, ಸೋಂಬೇರಿ ಅಂದವಳೂ ನಾನೇ.

ಇವತ್ತು ನಿನ್ನ ಮಾತನ್ನು ತಮಿಳಿನಲ್ಲಿ ಹೇಳಿದೆ: "ಮನಸುಂ ವೀಂಗಿ ಇರುಕ್ಕು."

ಡಾಕ್ಟರಮ್ಮ ನಗಲಿಲ್ಲ ಅವ್ವಾ. ಚೀಟಿಯಲ್ಲಿ ಬರೆದುಕೊಂಡು, ಎಷ್ಟು ದಿನದಿಂದ ಎಂದು ಕೇಳಿದರು.

ನಿನ್ನ ದಿನಗಳನ್ನೂ ಸೇರಿಸಿ ಹೇಳಬೇಕೋ ಬೇಡವೋ ತಿಳಿಯದೆ ಬೆರಳು ಮಡಚಿ ಎಣಿಸತೊಡಗಿದೆ.