ನಲವತ್ತೈದು ಸೆಕೆಂಡಿನ ನಿಲುಗಡೆ

ಹೊಳ್ಳುಕಟ್ಟೆ, ಗದಗ ನಿಲ್ದಾಣ
ಫೆಬ್ರವರಿ ಮೂವತ್ತು, 2151

ವೇಗದ ರೈಲಿನ ದಾರಿಯನ್ನು ಹೊಸ ಸೀಮೆಗಳಿಗೆ ಎಳೆಯಲು ನಕ್ಷೆ ಬರೆಯುತ್ತಿರುವ ಮಾನ್ಯರಿಗೆ, ಲಿಂಗಸುಗೂರಿನ ಹಂಪಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಕೀಟಲೆ ಮಾಡಿದ್ದಾರೆಂದು ಈ ಹಾಳೆಯನ್ನು ಬುಟ್ಟಿಗೆ ಎಸೆಯಬೇಡಿ. ಫೆಬ್ರವರಿಗೆ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ನಮ್ಮ ಕಾಲದವರು ಅದಕ್ಕೆ ಎರಡು ದಿನ ಕೊಡಿಸಿದ್ದಾರೆ. ಅದರಲ್ಲಿ ಕಡೆಯದು ಹಿಂದಂಚೆಯ ದಿನ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಎಪ್ಪತ್ತು ತುಂಬಿದವರಿಗೆ ಜೀವಮಾನದಲ್ಲಿ ಒಂದೇ ಸಲ, ಒಂದೇ ಹಾಳೆ. ಸ್ವಂತ ಮನೆಯವರಿಗೆ ಬರೆಯುವಂತಿಲ್ಲ, ಅದೊಂದು ಕಟ್ಟುನಿಟ್ಟು. ನನ್ನ ಓರಗೆಯವರು ಹೆಚ್ಚಾಗಿ ಹಳೆಯ ಮೇಷ್ಟರಿಗೋ, ಕೈ ತಪ್ಪಿದ ವರನಿಗೋ ಬರೆದು ಹಾಳೆ ಮುಗಿಸುತ್ತಾರೆ. ನಾನು ನಿಮ್ಮನ್ನು ಆರಿಸಿಕೊಂಡೆ. ನಮ್ಮ ಕಾಲದ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ದಯವಿಟ್ಟು ಸೈರಿಸಿಕೊಳ್ಳಿ.

ನಿಮ್ಮ ನಕ್ಷೆ ಅರವತ್ತು ವರ್ಷ ಕಪಾಟಿನಲ್ಲಿ ಮಲಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಕೊನೆಗೂ ಎದ್ದೇಳುತ್ತದೆ. ಅದರಲ್ಲಿ ಒಂದು ಚುಕ್ಕೆಯನ್ನೂ ಬದಲಿಸದೆ ಹಾಗೆಯೇ ದಾರಿ ಹಾಕುತ್ತಾರೆ. ನಮ್ಮೂರಿಗೆ ಸುಯ್‌ಗಾಡಿ ಬಂದಾಗ ನನಗೆ ಎಂಟು ವರ್ಷ. ನೀವು ಬುಲೆಟ್ ರೈಲು ಎನ್ನುತ್ತೀರಂತೆ. ನಾವು ಅದು ಮಾಡುವ ಸದ್ದನ್ನೇ ಹೆಸರಾಗಿ ಇಟ್ಟುಕೊಂಡೆವು. ಲಿಂಗಸುಗೂರಿನಿಂದ ಗದಗಕ್ಕೆ ಇಪ್ಪತ್ತೆಂಟು ನಿಮಿಷ. ಬೆಳಿಗ್ಗೆ ನೋವು ಕಾಣಿಸಿಕೊಂಡ ಬಸುರಿಯರು ದೊಡ್ಡಾಸ್ಪತ್ರೆ ಮುಟ್ಟಿ, ಸಂಜೆಗೆ ಕೂಸಿನ ಅಳು ಕೇಳಿಸಿದರು. ನಮ್ಮ ಮಸ್ಕಿಯ ರೈತರು ಕಿತ್ತ ಮೆಣಸಿನಕಾಯಿ ಬಾಡುವ ಮೊದಲೇ ಕಡಲತೀರದ ಪೇಟೆ ಸೇರಿತು. ನಿಮ್ಮ ನಕ್ಷೆಯಿಂದ ನಮ್ಮ ಸೀಮೆ ಬದುಕಿಕೊಂಡಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ಬೈಯುವ ಕಾಗದವಲ್ಲ.

ತಂಟೆ ಶುರುವಾದದ್ದು ನಮ್ಮವರ ಸ್ವಭಾವದಿಂದ. ನಾವು ಒಬ್ಬರನ್ನು ಊರಿಗೆ ಕಳಿಸಲು ಒಂಬತ್ತು ಜನ ಬರುತ್ತೇವೆ. ಬೋಗಿಯೊಳಗೆ ಹತ್ತಿ ಸೀಟು ಒರೆಸಿ, ಚೀಲ ಇಟ್ಟು, ಪಕ್ಕದಲ್ಲಿ ಕೂತವರ ಊರು ಕೇರಿ ವಿಚಾರಿಸಿ, "ನಮ್ಮ ಹುಡುಗೀನ ಸ್ವಲ್ಪ ನೋಡ್ಕೋರಿ" ಎಂದು ಒಪ್ಪಿಸಿದ ಮೇಲೆಯೇ ಇಳಿಯುವುದು. ಗಾಡಿ ನಿಲ್ಲುವುದೋ ನಲವತ್ತೈದು ಸೆಕೆಂಡು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡು, ಕಳಿಸಲು ಬಂದವರು ತಾವೇ ಗದಗಕ್ಕೆ ಬಂದು ಇಳಿಯುತ್ತಿದ್ದರು. ಅಂಥವರಿಗಾಗಿಯೇ ಇಲ್ಲಿ ಈ ಕಟ್ಟೆ ಕಟ್ಟಿದರು. ಹೊಳ್ಳಿ ಎಂದರೆ ನಮ್ಮ ಕಡೆ ಮರಳಿ ಎಂದು. ಇದು ಹೊಳ್ಳಿ ಕಳಿಸುವ ಕಟ್ಟೆ. ನಲವತ್ನಾಲ್ಕು ವರ್ಷದಿಂದ ಇದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಂದವರಿಗೆ ಚಹಾ ಕೊಡುತ್ತೇನೆ. ಬಿಸಿಲು ಬಹಳವಿದ್ದರೆ ನೆರಳುಶಾಲು, ಅಂದರೆ ಹೊದ್ದರೆ ತಣ್ಣಗಾಗುವ ಬಟ್ಟೆ, ಕೊಟ್ಟು ಮುಂದಿನ ಗಾಡಿಗೆ ಹತ್ತಿಸುತ್ತೇನೆ. ನನ್ನ ಬಳಿ ಎಲ್ಲ ಅಳತೆಯ ಚಪ್ಪಲಿಗಳ ಬುಟ್ಟಿಯೊಂದಿದೆ, ಏಕೆಂದರೆ ಅರ್ಧ ಜನ ಒಂದೇ ಕಾಲಿನ ಚಪ್ಪಲಿಯಲ್ಲಿ ಬರುತ್ತಾರೆ. ಹೋದ ವಾರ ಒಬ್ಬಾಕೆ ಇಳಿದವಳೇ, "ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನ್ರೀ ಯವ್ವಾ, ಸೀದು ಕರ್ರಗ ಆಗಿರ್ತದ!" ಎಂದು ಹಣೆ ಬಡಿದುಕೊಂಡಳು. ಅವಳ ಪಕ್ಕದ ಮನೆಗೆ ಸುದ್ದಿ ಮುಟ್ಟಿಸಿ ಒಲೆ ಆರಿಸಿದ್ದಾಯಿತು.

ಒಳಗೆ ಸಿಕ್ಕಿಕೊಂಡವರ ಕತೆ ಹೀಗೆ ನಗುವಿನಲ್ಲಿ ಮುಗಿಯುತ್ತದೆ. ಹೊರಗೆ ಉಳಿದವರದು ಹಾಗಲ್ಲ. ಬಸ್ಸಿನ ಕಾಲದಿಂದಲೂ ನಮ್ಮಲ್ಲೊಂದು ರೂಢಿಯಿದೆ: ಗಾಡಿ ಹೊರಡುವವರೆಗೆ ಉಪ್ಪಿನಕಾಯಿ, ಹೊದಿಕೆ, ಗುಳಿಗೆಯ ಮಾತು. ನಿಜವಾಗಿ ಹೇಳಬೇಕಾದ ಮಾತು ಗಾಡಿ ಅಲುಗಿದ ಮೇಲೆ, ಕಿಟಕಿ ಹಿಡಿದು ಜೊತೆಗೆ ನಡೆಯುತ್ತಾ. ಆಗ ಮುಖ ನೋಡಿ ನಿಲ್ಲುವ ಮುಜುಗರವಿಲ್ಲ, ಉತ್ತರಕ್ಕೆ ಕಾಯುವ ಸಂಕಟವೂ ಇಲ್ಲ.

ನನ್ನ ಅಕ್ಕ ಅಮರಮ್ಮ ಇಪ್ಪತ್ತನೇ ವಯಸ್ಸಿಗೆ ಕಡಲನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಅವ್ವನಿಗೆ ಅವಳು ದೂರ ಹೋಗುವುದು ಬೇಡವಾಗಿತ್ತು. ಮೂರು ವಾರ ಇಬ್ಬರಿಗೂ ಮಾತಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅವ್ವ ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು. ಅಕ್ಕನ ಜೊತೆ ಮಾತಾಡು ಎಂದು ನಾನು ಗೋಗರೆದೆ. "ಗಾಡಿ ಹೊಂಟಾಗ ಹೇಳ್ತೀನಿ ಬಿಡು" ಎಂದಳು. ನಿಲ್ದಾಣದಲ್ಲಿ ಸೋದರಮಾವ ಒಳಗೆ ಹತ್ತಿದ, ಅವ್ವ ಕಿಟಕಿಯ ಹೊರಗೆ ನಿಂತಳು. ಕಿಟಕಿಗೆ ತೆರೆಯಲು ಬಾರದ ಗಾಜು. ಗಾಡಿ ಅಲುಗಿತು. ಅವ್ವ ಎರಡು ಹೆಜ್ಜೆ ಇಟ್ಟು ಬಾಯಿ ತೆರೆಯುವಷ್ಟರಲ್ಲಿ ಎದುರಿಗೆ ಬರೀ ಹಳಿಯಿತ್ತು. ಮಾವ ಸಂಜೆ ಗದಗದಿಂದ ಹೊಳ್ಳಿ ಬಂದು, "ಅವ್ವ ಕಡೀಗೂ ಮಾತಾಡ್ದೇ ಕಳಿಸಿದ್ಲು ಅಂತ ಅಮರಿ ದಾರಿಗುಂಟ ಅತ್ಲು" ಎಂದ.

ಫೋನು ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. "ಅದು ಫೋನಿನ್ಯಾಗ ಹೇಳೂ ಮಾತಲ್ಲ" ಎಂದಳು ಅವ್ವ. ಅಕ್ಕ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಇಬ್ಬರೂ ಮಳೆ ಬಂತೇ ಎಂದು ಕೇಳಿ ಇಡುತ್ತಿದ್ದರು. ಅಕ್ಕ ಊರಿಗೆ ಬಂದದ್ದು ಹತ್ತೊಂಬತ್ತು ವರ್ಷದ ಮೇಲೆ, ಅವ್ವನ ಮಣ್ಣಿಗೆ. ಸಾಯುವ ಮುಂಚೆ ಅವ್ವ ಆ ಮಾತನ್ನು ನನಗೆ ಹೇಳಿದ್ದಳು. ನಾನು ಅಕ್ಕನಿಗೆ ಮುಟ್ಟಿಸಿದೆ. ನನ್ನ ಬಾಯಲ್ಲಿ ಅದು ಸುದ್ದಿಯಂತೆ ಕೇಳಿಸಿತು. "ಅವಾಗ ಕೇಳಿದ್ರ ವರ್ಷಕ್ಕೊಮ್ಮಿ ಬರ್ತಿದ್ನಲ್ಲವಾ" ಎಂದು ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು.

ಗದಗದಂಥ ದೊಡ್ಡ ನಿಲ್ದಾಣದಲ್ಲಿ ಗಾಡಿ ನಾಲ್ಕು ನಿಮಿಷ ನಿಲ್ಲುತ್ತದೆ. ಕಡೆಯ ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ, ಬಾಗಿಲು ಇನ್ನೂ ತೆರೆದೇ ಇರುತ್ತದೆ. ಆ ಗಂಟೆ ಕೇಳಿದ ಕೂಡಲೇ ಜನ ಹೇಗೆ ಬಾಯಿ ಬಿಡುತ್ತಾರೆಂದು ನಾನು ಈ ಕಟ್ಟೆಯಿಂದ ದಿನವೂ ನೋಡುತ್ತೇನೆ. ನಮ್ಮೂರಿಗೂ ಅಷ್ಟು ಕೊಡಿ ಎಂದು ಎಷ್ಟೋ ಅರ್ಜಿ ಬರೆದೆ. ಒಂದು ನಿಲುಗಡೆ ಬದಲಿಸಿದರೆ ಸಾವಿರ ಗಾಡಿಗಳ ವೇಳೆ ಬದಲಿಸಬೇಕು, ಈಗ ಆಗದು ಎನ್ನುತ್ತಾರೆ. ಮೊನ್ನೆ ನಿಮ್ಮ ಮೂಲ ನಕ್ಷೆಯನ್ನು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಟ್ಟರು. ಲಿಂಗಸುಗೂರಿನ ಚುಕ್ಕೆಯ ಪಕ್ಕ ಪೆನ್ಸಿಲಿನಲ್ಲಿ ನೀವು ಮೊದಲು ನಾಲ್ಕು ನಿಮಿಷ ಎಂದೇ ಬರೆದಿದ್ದೀರಿ. ಆಮೇಲೆ ಅಡ್ಡಗೆರೆ ಎಳೆದು ನಲವತ್ತೈದು ಸೆಕೆಂಡು ಮಾಡಿದ್ದೀರಿ. ಯಾರು ಒತ್ತಾಯಿಸಿದರೋ, ಯಾವ ಸಭೆಯಲ್ಲಿ ನಿಮ್ಮ ಬಾಯಿ ಮುಚ್ಚಿಸಿದರೋ ನನಗೆ ಗೊತ್ತಿಲ್ಲ. ನಿಮಗೆ ನಮ್ಮ ನೆನಪಾಗಿತ್ತು ಎಂದಷ್ಟೇ ತಿಳಿಯಿತು. ಗಾಜಿನ ಮೇಲೆ ಕೈ ಇಟ್ಟು ಅತ್ತುಬಿಟ್ಟೆ.

ಆ ಗೆರೆ ಎಳೆಯಬೇಡಿ. ಎಳೆಯದಿದ್ದರೆ ಈ ಕಟ್ಟೆಯೂ ಇರುವುದಿಲ್ಲ, ನನ್ನ ಕೆಲಸವೂ ಇರುವುದಿಲ್ಲ, ಬಹುಶಃ ಈ ಕಾಗದವೂ. ಹೋಗಲಿ. ನಾನು ಬೇರೆ ಏನಾದರೂ ಮಾಡಿಕೊಂಡು ಬದುಕುತ್ತೇನೆ, ವರ್ಷಕ್ಕೊಮ್ಮೆ ಅಕ್ಕ ಬರುವ ಮನೆಯಲ್ಲಿ.

ಹಾಳೆ ಮುಗಿಯುತ್ತಾ ಬಂತು. ನಾನೂ ನಮ್ಮವರ ಹಾಗೆಯೇ ನೋಡಿ, ಅವ್ವನ ಆ ಮಾತನ್ನು ಇಲ್ಲಿಯವರೆಗೆ ಹೇಳಲೇ ಇಲ್ಲ. ಅದು ಇಷ್ಟೇ: "ನನ್ನವ್ವಾ, ನಾನೂ ಒಮ್ಮೆ ಹಿಂಗ ಹೊಂಟು ನಿಂತಿದ್ದೆ. ನನ್ನ ಯಾರೂ ಬಿಡಲಿಲ್ಲ. ನೀ ಹೋಗು."

ಬರ್ತೀನ್ರೀ.

ಹಂಪಮ್ಮ