ಹತ್ತೊಂಬತ್ತನೇ ಕಂತು

ಮಾರ್ಚ್ ೧೪, ಗುರುವಾರ

ತಂಗೀ,

ನಿನ್ನ ಪತ್ರ ಬಂತು. ಮೂರು ವರ್ಷದ ಮೇಲೆ ಅಕ್ಕ ನೆನಪಾದಳಲ್ಲ, ಅದೇ ದೊಡ್ಡದು. ನನ್ನ ಮೊಣಕಾಲು ನೋವಿಗೆ ಒಂದು ಸಾಲು, ಉಳಿದ ಮೂರು ಪುಟವೂ ಹತ್ತೊಂಬತ್ತನೇ ಕಂತಿಗೆ. ಇರಲಿ, ನಿನ್ನ ಮಟ್ಟಿಗೆ ಆ ಒಂದು ಸಾಲೂ ಹೆಚ್ಚೇ.

‘ಏಳನೇ ಕಕ್ಷೆ’ ಧಾರಾವಾಹಿಗೆ ನಲವತ್ತು ವರ್ಷವಾಯಿತೆಂದು ಟೀವಿ ಕೇಂದ್ರದವರು ಎಲ್ಲ ಕಂತುಗಳನ್ನೂ ಮತ್ತೆ ತೋರಿಸುತ್ತಾರಂತೆ. ನೀನಿದ್ದ ಒಂದೇ ಒಂದು ಕಂತು ಮಾತ್ರ ಅವರ ಹತ್ತಿರ ಇಲ್ಲವಂತೆ. ಅಜ್ಜಿ ನಟಿಯಾಗಿದ್ದಳು ಅಂದರೆ ಮೊಮ್ಮಗಳು ಕಿಸಕ್ಕನೆ ನಗುತ್ತಾಳಂತೆ. ಆಗ ಆ ಕೇಂದ್ರದ ಟೇಪ್ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದವಳು ನಾನು, ಹಾಗಾಗಿ ಅಳಿಸಿದವರು ಯಾರೆಂದು ನನಗೆ ಗೊತ್ತಿರಲೇಬೇಕು ಎನ್ನುತ್ತೀಯ. ಅವರ ಕೈ ಸೇದಿಹೋಗಲಿ ಎಂದೂ ಬರೆದಿದ್ದೀಯ.

ಗೊತ್ತಿದೆ. ನಾನೇ ಅಳಿಸಿದ್ದು. ಕೈಗೆ ಏನೂ ಆಗಿಲ್ಲ, ಈ ಪತ್ರ ಬರೆಯುತ್ತಿರುವುದು ಅದೇ ಕೈ.

ಆ ಕಾಲದಲ್ಲಿ ಟೇಪಿಗೆ ಎಷ್ಟು ಅಭಾವವಿತ್ತೆಂದು ನಿನಗೂ ಗೊತ್ತು. ಹಳೆಯದನ್ನು ಅಳಿಸಿ ಅದರ ಮೇಲೇ ಹೊಸ ಕಾರ್ಯಕ್ರಮ ತುಂಬಿಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಮೇಲಧಿಕಾರಿ ಅಳಿಸಬೇಕಾದ ಟೇಪ್ ಡಬ್ಬಿಗಳ ಸಂಖ್ಯೆಗಳನ್ನು ಒಂದೊಂದಾಗಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ, ಅವರು ಓದದೆ ಸಹಿ ಹಾಕುತ್ತಿದ್ದರು. ಆ ತಿಂಗಳು ಅವರು ಹದಿನಾಲ್ಕು ಡಬ್ಬಿ ಹೇಳಿದರು, ನಾನು ನಿನ್ನ ಕಂತನ್ನೂ ಸೇರಿಸಿ ಹದಿನೈದು ಟೈಪ್ ಮಾಡಿದೆ. ಟೇಪ್ ಅಳಿಸುವ ಯಂತ್ರದ ಆಯಸ್ಕಾಂತಕ್ಕೆ ಕೆಡದಿರಲೆಂದು ಕೈಗಡಿಯಾರ ಬಿಚ್ಚಿಟ್ಟೆ. ನಿನ್ನ ಕಂತಿನ ಸುರುಳಿಯನ್ನು ಯಂತ್ರದ ಮೇಲಿಟ್ಟು ಒಂದೆರಡು ಸುತ್ತು ತಿರುಗಿಸಿದೆ. ಅರ್ಧ ನಿಮಿಷದ ಕೆಲಸ. ಮಾರನೇ ವಾರ ಅದರ ಮೇಲೆ ಯಾವುದೋ ಈಜು ಸ್ಪರ್ಧೆ ಬಂತು.

ಯಾಕೆ ಅಂತ ನಿಜವಾಗಿಯೂ ಗೊತ್ತಿಲ್ಲವೇನೇ?

ಆ ಕಂತಿನಲ್ಲಿ ನೀನು ಗಗನನೌಕೆಗೆ ದಾರಿ ತೋರಿಸುವವಳು. ಅದು ಹೋಗುವ ವೇಗಕ್ಕೆ, ನೌಕೆಯಲ್ಲಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಭೂಮಿಯ ಮೇಲೆ ಎಂಬತ್ತು ವರ್ಷ ಕಳೆದುಹೋಗಿರುತ್ತದೆ. ಬಿಟ್ಟುಬಂದ ಹಸುಗೂಸು ಮುದುಕನಾಗಿ ಸತ್ತುಹೋಯಿತೆಂದು ನೌಕೆಯ ವೈದ್ಯ ಬಂದು ಹೇಳುತ್ತಾನೆ. ನೀನು ಅಳುವುದಿಲ್ಲ. ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚುತ್ತೀಯ, ಹಾಕುತ್ತೀಯ, ಮತ್ತೆ ಬಿಚ್ಚುತ್ತೀಯ. ಆಮೇಲೆ ತಪ್ಪು ಮಾಡಿದವಳ ಹಾಗೆ ಸ್ವಲ್ಪ ನಕ್ಕು, ಹಾಲು ಕುಡಿದನಾ ಅಂತ ವೈದ್ಯನನ್ನು ಕೇಳುತ್ತೀಯ.

ಅದಕ್ಕೆ ಒಂದು ವರ್ಷ ಮುಂಚೆ ಆಸ್ಪತ್ರೆಯ ಪಡಸಾಲೆಯಲ್ಲಿ, ಮಗು ಹೋಯಿತೆಂದು ಹೇಳಲು ಬಂದ ನರ್ಸನ್ನು ನಾನು ಕೇಳಿದ್ದು ಅದೇ ಮಾತು, ಅದೇ ಗುಂಡಿ, ಅದೇ ನಗು. ನನ್ನ ಮಗುವಿಗೆ ಆಗ ಒಂಬತ್ತು ದಿನ. ನಿನ್ನ ಭಾವ ಔಷಧಿ ತರಲು ಹೋಗಿದ್ದರು. ಪಕ್ಕದಲ್ಲಿ ಇದ್ದವಳು ನೀನೊಬ್ಬಳೇ. ನನ್ನ ಬೆನ್ನು ಸವರುತ್ತಿದ್ದೀಯೆಂದು ನಾನು ತಿಳಿದಿದ್ದೆ. ನೀನು ನನ್ನನ್ನು ಕಲಿಯುತ್ತಿದ್ದೆ.

ಚಿಕ್ಕಂದಿನಿಂದಲೂ ನಿನಗೆ ಇದೇ ಚಾಳಿ. ಅಂಚೆಯವನ ಕುಂಟು, ಅತ್ತೆಯ ಗೊರಕೆ, ಮೇಷ್ಟರ ಕೆಮ್ಮು, ಯಾವುದನ್ನೂ ಅಣಕಿಸದೆ ಬಿಟ್ಟವಳಲ್ಲ. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು, ನಿನಗೆ ಸದರ ಕೊಟ್ಟವರೂ ನಾವೇ.

ಆ ಕಂತು ಬಂದ ಸಂಜೆ ನಾನೂ ನಿನ್ನ ಭಾವನೂ ಒಟ್ಟಿಗೆ ಕೂತು ನೋಡುತ್ತಿದ್ದೆವು. ನಿನ್ನ ಕೈ ಗುಂಡಿಗೆ ಹೋದ ಕೂಡಲೇ ಅವರು ತಿರುಗಿ ನನ್ನ ಕೈ ನೋಡಿದರು. ಅದೂ ಗುಂಡಿಯ ಮೇಲೇ ಇತ್ತು. ಅವರು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ಸಾಯುವ ತನಕ ಆ ವಿಷಯ ಎತ್ತಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆ ಕಣೇ. ಆದರೆ ಮರುವಾರ ಪತ್ರಿಕೆಯವರು ಆ ಅಭಿನಯ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ನೀನು, ಏನಿಲ್ಲಪ್ಪ, ಸುಮ್ಮನೆ ಹೊಳೀತು ಅಂದುಬಿಟ್ಟೆ. ನನ್ನ ಹೆಸರು ಹೇಳಬೇಕಿತ್ತು ಅಂತಲ್ಲ. ಮನೆಗೆ ಬಂದು, ಅಕ್ಕಾ, ನಿನ್ನದನ್ನು ತಗೊಂಡೆ, ಬೈಬೇಡ ಅಂತ ಒಂದು ಮಾತು ಆಡಬಹುದಿತ್ತು. ನೀನು ಬಂದೆ, ಕಾಫಿ ಕುಡಿದೆ, ಹೇಗಿತ್ತು ಅಂತ ಕೇಳಿದೆ. ನಾನು ಚೆನ್ನಾಗಿತ್ತು ಅಂದೆ. ಆ ತಿಂಗಳ ಕೊನೆಗೆ ಹದಿನೈದನೇ ಡಬ್ಬಿ ಟೈಪ್ ಮಾಡಿದೆ.

ಆಮೇಲೆ ನಿನಗೆ ಸಿಕ್ಕಿದ್ದು ಸಾಬೂನಿನ ಜಾಹೀರಾತು, ಎರಡು ಮಲತಾಯಿ ಪಾತ್ರ, ಅಷ್ಟೇ. ನೀನು ನಿಜಕ್ಕೂ ನಟಿ ಎಂಬುದಕ್ಕಿದ್ದ ಒಂದೇ ಸಾಕ್ಷಿಯನ್ನು ನಾನು ಅಳಿಸಿದೆ. ಗೊತ್ತಿದ್ದೇ ಅಳಿಸಿದೆ. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀನೂ ಕೇಳುವುದು ಬೇಡ. ಈ ವಯಸ್ಸಿನಲ್ಲಿ ನೀನು ಕೇಳಿದರೆ ಅದು ನಿಜವೋ ಅಭಿನಯವೋ ನನಗೆ ತಿಳಿಯುವುದಿಲ್ಲ.

ಇತಿ,
ಆ ಪಡಸಾಲೆಯಲ್ಲಿ ನಿನ್ನ ಪಕ್ಕ ಕೂತಿದ್ದ
ಅಕ್ಕ

ಮರೆತ ಮಾತು: ಒಂದು ಪ್ರತಿ ಉಳಿದಿದೆ. ಟೀವಿ ರಿಪೇರಿ ಮಾಡುತ್ತಿದ್ದವರೊಬ್ಬರು ಕಂತು ಬಂದ ಸಂಜೆ ಅದನ್ನು ಮನೆಯಲ್ಲೇ ಟೇಪಿಗೆ ಇಳಿಸಿಕೊಂಡಿದ್ದರಂತೆ. ನಾನು ನಿವೃತ್ತಳಾಗುವ ವರ್ಷ ಉಗ್ರಾಣಕ್ಕೆ ಕಾಗದ ಬರೆದಿದ್ದರು. ಅದನ್ನು ಕಡತಕ್ಕೆ ಸೇರಿಸದೆ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಅಂದಿನಿಂದ ಪ್ರತಿ ವರ್ಷ, ಮಗು ಹೋದ ದಿನ, ಅವರ ಮನೆಗೆ ಹೋಗುತ್ತೇನೆ. ಅವರು ಕಂತು ಹಾಕಿಕೊಟ್ಟು ಹೊರಗೆ ಹೋಗುತ್ತಾರೆ. ಮಗುವಿನದೊಂದು ಫೋಟೊ ಕೂಡ ನಾವು ತೆಗೆಸಿರಲಿಲ್ಲ. ಅವನಿದ್ದ ಗುರುತು ಎಂದು ನನಗೆ ಉಳಿದಿರುವುದು ಆ ಕಂತಿನಲ್ಲಿರುವ ನಿನ್ನ ಮುಖ ಮಾತ್ರ. ವಿಳಾಸ ಈ ಹಾಳೆಯ ಹಿಂಬದಿಯಲ್ಲಿದೆ, ಹೋಗಿ ತೆಗೆದುಕೋ. ಮೊಮ್ಮಗಳಿಗೆ ತೋರಿಸುವಾಗ ಅದು ಯಾರ ಮಗು ಅಂತ ಹೇಳು.