ಬೀನ್ ಹಿಲ್ ರಸ್ತೆಯ ಹನ್ನೊಂದು ಮೋರಿಗಳು

ಜನವರಿ 28, ಮಂಗಳವಾರ

ಬಸ್ಸಿನ ಬಾಗಿಲು ಮತ್ತೆ ಹೆಪ್ಪುಗಟ್ಟಿ ಕಚ್ಚಿಕೊಂಡಿತ್ತು. ಮೊಣಕೈಯಲ್ಲಿ ಗುದ್ದಿ ತೆಗೆದೆ. ಹತ್ತೊಂಬತ್ತು ಮಕ್ಕಳು. ಮೂವರಿಗೆ ಕೆಮ್ಮು.

ಮಧ್ಯಾಹ್ನದ ಅಂಚೆಯಲ್ಲಿ ಊರಿನ ವರ್ಷದ ವರದಿ. ಯಾರು ಸತ್ತರು, ಯಾರ ನಾಯಿಗೆ ಲೈಸೆನ್ಸ್ ಆಯಿತು ಅಂತ ನೋಡಿ ಒಲೆ ಪಕ್ಕ ಎಸೆಯೋದು ನನ್ನ ರೂಢಿ. ಈ ಸಲ ಕಾಫಿ ಸುಡುತ್ತಿತ್ತು, ಆರಲಿ ಅಂತ ರಸ್ತೆ ಖರ್ಚಿನ ಪುಟ ತಿರುವಿದೆ. ‘ಬೀನ್ ಹಿಲ್ ರಸ್ತೆ — ಹೊಸ ಮೋರಿ ಪೈಪು, ಹನ್ನೊಂದು. 96,400 ಡಾಲರ್.’

ಹನ್ನೊಂದಾ?

ದಿನಕ್ಕೆ ನಾಲ್ಕು ಸಲ ಆ ರಸ್ತೆಯಲ್ಲಿ ಬಸ್ಸು ಓಡಿಸುವವಳು ನಾನು. ತೊರೆ ನೀರು ರಸ್ತೆ ಅಡಿಯಿಂದ ಹರಿದುಹೋಗೋ ಪೈಪು ಹಾಕೋಕೆ ಎಲೆ ಉದುರುವ ಕಾಲ ಪೂರ್ತಿ ಅಗೆದರು, ನಿಜ. ಅಗೆದಾಗಲೆಲ್ಲ ಹಳೇ ಕಲ್ಲುಗಣಿ ಕಡೆಯಿಂದ ಸುತ್ತಿ ಬರಬೇಕಿತ್ತು. ಆದರೆ ಹನ್ನೊಂದು ಸಲ ಸುತ್ತಿದೆನಾ?

ಜನವರಿ 29

ಬಸ್ಸಿನ ಲಾಗ್ ಪುಸ್ತಕ ತೆಗೆದೆ. ಸುತ್ತು ಹೊಡೆದ ದಿನ ಮೈಲಿ ಜಾಸ್ತಿ, ಎಲ್ಲಿ ಅಗೆದಿದ್ದರು ಅಂತ ಕಾರಣವನ್ನೂ ಬರೆಯಬೇಕು. ಎಣಿಸಿದೆ. ಏಳು ಕಡೆ. ಇನ್ನೊಮ್ಮೆ ಎಣಿಸಿದೆ. ಏಳೇ.

ಊಟಕ್ಕೆ ಕೂತಾಗ ರಾಯ್ಸ್‌ನ ಕೇಳಿದೆ. ನನ್ನ ಗಂಡ ಹದಿನಾಲ್ಕು ವರ್ಷದಿಂದ ಊರ ಮಂಡಳಿಯಲ್ಲಿದ್ದಾನೆ. ಮೂವರು ಸದಸ್ಯರು, ಅವರು ಒಪ್ಪದೆ ಒಂದು ಬಿಲ್ಲೂ ಪಾಸಾಗಲ್ಲ.

“ಬೀನ್ ಹಿಲ್‌ನಲ್ಲಿ ಹಾಕಿದ್ದು ಏಳು ಪೈಪ್ ಅಲ್ವಾ?”

“ವರದೀಲಿ ಎಷ್ಟಿದೆ?”

“ಹನ್ನೊಂದು.”

“ಹಂಗಾದ್ರೆ ಹನ್ನೊಂದು.” ಆಲೂಗಡ್ಡೆಗೆ ಬೆಣ್ಣೆ ಹಚ್ಚುತ್ತಿದ್ದ. “ಕ್ಲೇಟನ್ ಏನು ನಿನ್ನ ಬಸ್ಸು ಬರ್ಲಿ ಅಂತ ಕಾದು ಅಗೀತಾನಾ? ಬೇಸಿಗೆ ರಜೇಲೂ ಹಾಕಿರ್ತಾನೆ.”

ಕ್ಲೇಟನ್ ಊರಿನ ರಸ್ತೆ ಉಸ್ತುವಾರಿ. ಬೇಸಿಗೆ ರಜೆ… ಇರಬಹುದು. ಆದರೆ ಆ ಹೆಸರು ಹೇಳುವಾಗ ಅವನ ಬೆಣ್ಣೆ ಚಾಕು ಯಾಕೆ ನಿಂತಿತು?

ಫೆಬ್ರವರಿ 3

ಟೌನ್ ಆಫೀಸಿಗೆ ಹೋದೆ. ಗುಮಾಸ್ತೆ ಜೋಸೆಟ್. ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವಳು.

“ಬೀನ್ ಹಿಲ್ ಮೋರಿ ಬಿಲ್ಲು ನೋಡ್ಬೇಕು.”

“ಮನೇಲೇ ಮಂಡಳಿ ಸದಸ್ಯನ್ನ ಇಟ್ಕೊಂಡು ನನ್ನ ಹತ್ರ ಬಂದಿದೀಯಲ್ಲೇ! ರಾಯ್ಸ್‌ನ ಕೇಳು.”

“ಕೇಳಾಯ್ತು. ತೆರಿಗೆ ಕಟ್ಟೋಳು ನಾನು. ಕಾಗದ ತೋರ್ಸು.”

ಅವಳ ನಗು ಅಲ್ಲೇ ನಿಂತಿತು. ಬರೆದುಕೊಡು ಅಂದಳು. ಬರೆದುಕೊಟ್ಟೆ. ಕಾನೂನು ಪ್ರಕಾರ ಅವಳು ಮೂರು ದಿನದೊಳಗೆ ಕೊಡಬೇಕು.

ಆಚೆ ಬಂದರೆ ಕ್ಲೇಟನ್‌ನ ಕಿತ್ತಳೆ ಟ್ರಕ್ಕು. ಎಂಜಿನ್ ಆಫ್ ಮಾಡಿರಲಿಲ್ಲ. ಗಾಜು ಇಳಿಸಿದ.

“ಏನ್ ಆರ್ಡಿತ್, ವರದಿ ಓದೋ ಚಟ ಹತ್ತಿದೆಯಂತೆ?”

ಕಾಗದ ಕೊಟ್ಟು ಎರಡು ನಿಮಿಷ ಆಗಿರಲಿಲ್ಲ. ಜೋಸೆಟ್ ಫೋನ್ ಮುಟ್ಟಿದ್ದನ್ನ ನಾನು ನೋಡಲಿಲ್ಲ. ವರದಿ ವಿಷಯ ಅದಕ್ಕೆ ಮುಂಚೆ ನಾನು ಮಾತಾಡಿದ್ದು ಒಬ್ಬನ ಹತ್ತಿರ. ನನ್ನ ಅಡುಗೆಮನೆಯಲ್ಲಿ.

ಫೆಬ್ರವರಿ 6

ಮೂರು ದಿನ ಆಯಿತು. ಕಾಪಿ ಮೆಷಿನ್ ಕೆಟ್ಟಿದೆಯಂತೆ. ನಾನು ನಿಂತಿದ್ದಾಗಲೇ ಚರ್ಚ್‌ನವರ ಊಟದ ನೋಟಿಸು ಬೆಚ್ಚಗೆ ಅದರಿಂದ ಆಚೆ ಬರುತ್ತಿತ್ತು.

ಫೆಬ್ರವರಿ 8, ಶನಿವಾರ

ಸಲಿಕೆ ಹಿಡಿದು ಹೋದೆ. ಬೀನ್ ಹಿಲ್ ರಸ್ತೆ ಹ್ಯಾಚ್ ತೊರೆ ದಾಟುವ ಕಡೆ ಯಾರೂ ಅಗೆದದ್ದು ನನಗೆ ನೆನಪಿಲ್ಲ. ಸೊಂಟದ ಮಟ್ಟ ಹಿಮ. ಅರ್ಧ ಗಂಟೆ ತೆಗೆದ ಮೇಲೆ ಪೈಪಿನ ಬಾಯಿ ಕಂಡಿತು. ಹಳೇ ತಗಡಿನದು, ಹುರುಕು ಹಿಡಿದಂತೆ ತುಕ್ಕು. ಸಲಿಕೆ ತುದಿಯಲ್ಲಿ ಒತ್ತಿದೆ ಅಷ್ಟೆ. ತಗಡು ಬಿಸ್ಕತ್ತಿನ ಹಾಗೆ ಪುಡಿಯಾಗಿ ಒಳಗೆ ಹೋಯಿತು.

ಅದರ ಮೇಲೆ ದಿನಕ್ಕೆ ನಾಲ್ಕು ಸಲ… ಈಗ ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿದೆ, ತಡೆಯುತ್ತೆ. ಹಿಮ ಕರಗಿದರೆ?

ಶಾಲೆಗೆ ಫೋನ್ ಮಾಡಿ ಹೇಳಿದೆ. ಸೋಮವಾರದಿಂದ ಕಲ್ಲುಗಣಿ ಕಡೆಯಿಂದಲೇ ಬಸ್ಸು.

ಫೆಬ್ರವರಿ 12

ಕಡೆಗೂ ಸಿಕ್ಕಿತು. ಅರವತ್ತೆರಡು ಹಾಳೆ. ಜೋಸೆಟ್ ಮುಖ ತಿರುಗಿಸಿಕೊಂಡೇ ಕೊಟ್ಟಳು. “ನಿನ್ನ ಒಳ್ಳೇದಕ್ಕೇ ತಡ ಮಾಡಿದ್ದು ಕಣೇ,” ಅಂದಳು. ಆಗ ಅರ್ಥ ಆಗಲಿಲ್ಲ.

ಬಸ್ಸಿನಲ್ಲೇ ಕೂತು ಓದಿದೆ. ಹನ್ನೊಂದು ಬಿಲ್ಲು. ಪೈಪು, ಜಲ್ಲಿ ಎಲ್ಲ ಕ್ಲೇಟನ್‌ನ ಭಾವಮೈದುನನ ಕಂಪನಿಯದು. ಹ್ಯಾಚ್ ತೊರೆ ಮೋರಿಗೂ ಬಿಲ್ಲಿದೆ. ಪ್ರತಿ ಬಿಲ್ಲಿಗೂ ಒಂದು ಚೀಟಿ: ‘ಸ್ಥಳಕ್ಕೆ ಹೋಗಿ ನೋಡಿದ್ದೇನೆ. ಕೆಲಸ ಮುಗಿದಿದೆ.’ ಕೆಳಗೆ ಸಹಿ. ಹನ್ನೊಂದರಲ್ಲೂ ಒಂದೇ ಪೆನ್ನು, ಒಂದೇ ತಾರೀಖು.

ಮೂವತ್ತೊಂದು ವರ್ಷ ಹುಟ್ಟುಹಬ್ಬದ ಕಾರ್ಡಿನಲ್ಲಿ ನೋಡಿದ ಸಹಿ. ಯಾರದು ಅಂತ ಓದಬೇಕಾಗಿರಲಿಲ್ಲ.

ಇನ್ನೂ ಒಂದಿದೆ, ಬರೆದುಬಿಡುತ್ತೇನೆ. ಅಕ್ಟೋಬರಿನಲ್ಲಿ ಅದೇ ಕಂಪನಿಯ ಲಾರಿ ನಮ್ಮ ಮನೆ ದಾರಿಗೆ ಎರಡು ಲೋಡ್ ಜಲ್ಲಿ ಸುರಿದು ಹೋಯಿತು. “ಉಳಿದಿತ್ತಂತೆ,” ಅಂದಿದ್ದ ರಾಯ್ಸ್. ಎಲ್ಲಿ ಉಳಿದಿತ್ತು ಅಂತ ನಾನು ಕೇಳಲಿಲ್ಲ. ಡ್ರೈವರನ್ನ ಒಳಗೆ ಕರೆದು ಬಿಸಿ ಆ್ಯಪಲ್ ಪೈ ಕೊಟ್ಟೆ, ಮೇಲೆ ಚೀಸ್ ಇಟ್ಟು.

ಫೆಬ್ರವರಿ 13

“ಹ್ಯಾಚ್ ತೊರೆ ಪೈಪನ್ನ ಹೋಗಿ ನೋಡಿದ್ಯಾ?” ಊಟ ಆದ ಮೇಲೆ ರಾಯ್ಸ್‌ನ ಕೇಳಿದೆ.

“ಮಂಡಿ ನೋವಿತ್ತು.”

“ಹನ್ನೊಂದಕ್ಕೂ ನೋವಿತ್ತಾ?”

“ಕ್ಲೇಟನ್ ತಂದ, ಸಹಿ ಹಾಕ್ದೆ. ಯಾವಾಗ್ಲೂ ಹಂಗೇ.”

“ಜಲ್ಲಿ?”

ತಟ್ಟೆ ತೊಳೆದ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ. ಆಮೇಲೆ, ಬೆನ್ನು ನನ್ನ ಕಡೆ ಇಟ್ಟುಕೊಂಡೇ, “ಊರ ಸಭೇಲಿ ಎಲ್ಲರ ಮುಂದೆ ನನ್ನ ಮಾನ ಕಳೀತೀಯಾ ಆರ್ಡಿತ್?” ಅಂದ.

ಬಟ್ಟೆ ತಗೊಂಡು ಆ ತಟ್ಟೆ ಒರೆಸಿಟ್ಟೆ.

ಮಾರ್ಚ್ 1

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಅಂತಲ್ಲ.

ಡ್ರಾಯರಿನಲ್ಲಿ ಕಾಗದದ ಕಟ್ಟು ಇಟ್ಟ ಹಾಗೆ ಇಲ್ಲ. ಒಂದು ಹಾಳೆಯ ಮೂಲೆ ಮಡಿಚಿದೆ. ಎಣಿಸಿದೆ, ಅರವತ್ತೆರಡೂ ಇವೆ. ಆದರೂ ತೆಗೆದುಕೊಂಡು ಹೋಗಿ ಬಸ್ಸಿನ ಸೀಟಿನ ಕೆಳಗೆ ಇಟ್ಟೆ. ಸ್ವಂತ ಗಂಡನಿಂದ ಕಾಗದ ಬಚ್ಚಿಡುವ ಕಾಲ ಬಂತು. ಒಂದೇ ಹಾಸಿಗೆ, ಮಧ್ಯೆ ಒಂದು ಊರು.

ಮಾರ್ಚ್ 4, ಮಂಗಳವಾರ

ವರ್ಷಕ್ಕೊಮ್ಮೆಯ ಊರ ಸಭೆ, ಖರ್ಚಿಗೆಲ್ಲ ಜನರೇ ಕೈ ಎತ್ತಿ ಒಪ್ಪಿಗೆ ಕೊಡೋದು. ಶಾಲೆಯ ಜಿಮ್ಮು ತುಂಬಿತ್ತು. ಮಂಡಳಿಯ ಮೂವರು ಎದುರಿಗೆ ಮೇಜಿನ ಹಿಂದೆ. ಆರನೇ ವಿಷಯ, ರಸ್ತೆ. ಕೈ ಎತ್ತಿದೆ.

ಲಾಗ್ ಪುಸ್ತಕ ಓದಿದೆ, ಹ್ಯಾಚ್ ತೊರೆಯ ತುಕ್ಕು ಪೈಪಿನ ವಿಷಯವನ್ನೂ ಹೇಳಿದೆ. ಏಳು ಮೋರಿ ಹಾಕಿದ್ದು ನಿಜ, ಅವುಗಳ ಬಗ್ಗೆ ತಕರಾರಿಲ್ಲ ಅಂದೆ. ಉಳಿದ ನಾಲ್ಕು ಎಲ್ಲಿ?

ಕ್ಲೇಟನ್ ಕುರ್ಚಿಯಿಂದ ಏಳಲೂ ಇಲ್ಲ. “ನಾಲ್ಕಡಿ ಹಿಮದ ಕೆಳಗೆ ಪೈಪು ಹುಡ್ಕಿದ್ರೆ ಯಾರಿಗೆ ಸಿಗುತ್ತೆ? ಬಸ್ ಓಡ್ಸೋರು ಬಸ್ ಓಡಿಸ್ಲಿ.”

ಕೆಲವರು ನಕ್ಕರು. ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ: “ಹೋಗಿ ನೋಡಿದೀನಿ ಅಂತ ಸಹಿ ಹಾಕಿದ್ದು ಯಾರು?”

“ನನ್ನ ಗಂಡ,” ಅಂದೆ.

ನಗು ನಿಂತಿತು.

“ಎರಡು ಲೋಡ್ ಜಲ್ಲಿ ನಮ್ಮ ಮನೆ ದಾರೀಲಿದೆ. ಕಾಸು ಕೊಟ್ಟಿಲ್ಲ. ಅದರ ಮೇಲೆ ನಾನೂ ಓಡಾಡಿದೀನಿ.”

ರಾಯ್ಸ್ ಮೇಜಿಗೆ ಕೈ ಊರಿ ಎದ್ದ. ನನ್ನನ್ನ ನೋಡಲಿಲ್ಲ. “ಸಹಿ ನಂದೇ. ಹೋಗಿ ನೋಡಿಲ್ಲ. ಆ ನಾಲ್ಕನ್ನಲ್ಲ, ಹನ್ನೊಂದರಲ್ಲಿ ಒಂದನ್ನೂ ನೋಡಿಲ್ಲ.” ತನ್ನ ಹೆಸರಿನ ಹಲಗೆಯನ್ನ ಮೇಜಿನ ಮೇಲೆ ಮಗುಚಿಟ್ಟು, ಕುರ್ಚಿ ಬಿಟ್ಟು ಹೋದ.

ಕೈ ಎತ್ತಿಸಿ ಎಣಿಸಿದರು. ಹೊರಗಿನ ಆಡಿಟರ್ ಬೇಕು ಅಂದವರು 88, ಬೇಡ ಅಂದವರು 41. ವರದಿ ಬರೋದು ಜೂನ್‌ಗೆ. ಅಲ್ಲಿಯವರೆಗೆ ಕ್ಲೇಟನ್ ಅದೇ ಕೆಲಸದಲ್ಲಿ.

ಸಭೆ ಮುಗಿದ ಮೇಲೆ ಊಟದ ಸಾಲಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಆಡಿಟರ್ ಬೇಕು ಅಂತ ಕೈ ಎತ್ತಿದವರೂ.

ಮಾರ್ಚ್ 9

ಮೂರನೇ ಸಲ. ಕ್ಲೇಟನ್‌ನ ಹಿಮ ತಳ್ಳುವ ಟ್ರಕ್ಕು ನಮ್ಮ ಮನೆ ದಾರಿಯ ಬಾಯಿಗೇ ಹಿಮದ ಗೋಡೆ ಕಟ್ಟಿ ಹೋಗಿದೆ. ಪಕ್ಕದವರ ದಾರಿ ಕನ್ನಡಿಯಂತೆ ಚೊಕ್ಕ. ರಾಯ್ಸ್ ಆ ನೋವಿನ ಮಂಡಿಯಲ್ಲೇ ತೋಡಿದ. ಇನ್ನೊಂದು ಸಲಿಕೆ ತಗೊಂಡು ಹೋದೆ. ಒಂದು ಗಂಟೆ ಇಬ್ಬರೂ ಎರಡು ಕಡೆಯಿಂದ ತೋಡಿದೆವು.

ಏಪ್ರಿಲ್ 19, ಶನಿವಾರ, ಬೆಳಿಗ್ಗೆ

ಹಿಮ ಕರಗಿ ಎಲ್ಲೆಲ್ಲೂ ಕೆಸರು. ಬಿಟ್ಟುಹೋಗಿದ್ದ ನಾಲ್ಕು ಪೈಪನ್ನ ಕ್ಲೇಟನ್ ಕಳೆದ ವಾರ ಗಡಿಬಿಡಿಯಲ್ಲಿ ಹಾಕಿಸಿದ. ‘ಲೆಕ್ಕದ ತಪ್ಪು, ಸರಿಹೋಯ್ತು’ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಜನಕ್ಕೂ ಮುಗಿದರೆ ಸಾಕಾಗಿದೆ. ನನಗೂ.

ರಾಯ್ಸ್ ತಿಂಡಿಗೆ ಮುಂಚೆ ರಬ್ಬರ್ ಬೂಟು ಹಾಕಿಕೊಂಡ. ಅಳತೆ ಟೇಪು ಜೇಬಿಗಿಟ್ಟ.

“ಕಾರು ನೀನು ಓಡ್ಸು. ಆ ಕಾಗದ ತಗೋ.”

“ಎಲ್ಲಿಗೆ?”

“ಸಹಿ ಹಾಕಿದ್ದನ್ನ ನೋಡೋಕೆ.”

“ಹೊಸ ನಾಲ್ಕನ್ನಾ?”

“ಒಂದನೇದರಿಂದ.”

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಿಲ್ಲಿನಲ್ಲಿ ಹನ್ನೊಂದೂ ಇಪ್ಪತ್ತನಾಲ್ಕು ಇಂಚು ಅಗಲದ ಪೈಪು. ಮೊದಲ ಎರಡು ಸರಿಯಿದ್ದವು. ಮೂರನೆಯದಕ್ಕೆ ಇಳಿದಿದ್ದಾನೆ, ತೊಡೆ ಮಟ್ಟ ನೀರು. ಕೂಗುತ್ತಿದ್ದಾನೆ.

“ಬರ್ಕೋ! ಹದಿನೆಂಟು!”

“ಸರಿಯಾಗ್ ನೋಡು!”

“ಎರಡು ಸಲ ನೋಡ್ದೆ! ಹದಿನೆಂಟೇ ಇಂಚು!”

ಬರೆದುಕೊಂಡೆ. ಇದು ಆ ನಾಲ್ಕರಲ್ಲಿ ಒಂದಲ್ಲ. ಲಾಗ್ ಪುಸ್ತಕ ಹಿಡಿದು, ಇಡೀ ಊರಿನ ಮುಂದೆ, ತಕರಾರಿಲ್ಲ ಅಂದೆನಲ್ಲ, ಆ ಏಳರಲ್ಲಿ ಒಂದು. ನಾನೂ ಇಳಿದು ನೋಡಿರಲಿಲ್ಲ.

ದಂಡೆ ಹತ್ತಲಾರದೆ ಕೈ ಚಾಚುತ್ತಿದ್ದಾನೆ. ಹೋಗಿ ಎಳೆದುಕೊಳ್ಳಬೇಕು. ಇನ್ನೂ ಎಂಟಿವೆ —